ಕೆಲಸ ಹೋಯ್ತು, ಈಗ ಮಗು ಬೇಕಾ?

ಈ ತಿಂಗಳು ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ಹಾಕಿದ್ದೇನೆ. ಬರೆದವರು ಕೆಲಸ ಕಳೆದುಕೊಂಡ ಹೆಂಗಸರು, ಒಬ್ಬ ಗಂಡ, ಒಬ್ಬರು ಅತ್ತೆ. ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ. ಇಂಥ ಹೊತ್ತಿನಲ್ಲಿ ಮಗು ಮಾಡಿಕೊಳ್ಳುವುದಾ, ಮುಂದಕ್ಕೆ ಹಾಕುವುದಾ, ಬಿಟ್ಟೇಬಿಡುವುದಾ? ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಮಾತು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನಗೆ 33. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಒಂಬತ್ತು ವರ್ಷ ಇದ್ದೆ. ನಾಲ್ಕು ತಿಂಗಳ ಹಿಂದೆ ನಮ್ಮ ಟೀಮನ್ನೇ ಮುಚ್ಚಿದರು. ಮುಂದಿನ ವರ್ಷ ಮಗು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಈಗ ಅತ್ತೆ ದಿನಾ ಹೇಳೋದು ಒಂದೇ, ‘ಹೇಗಿದ್ರೂ ಮನೇಲೇ ಇದ್ದೀಯ, ಇದೇ ಸರಿಯಾದ ಟೈಮು.’ ನನ್ನ ಗಂಡನೂ ಈಚೆಗೆ ಅದೇ ರಾಗ ಶುರು ಮಾಡಿದ್ದಾರೆ. ನನಗೆ ಮಗು ಬೇಕು ಮೇಡಂ. ಆದರೆ ಈಗ ಹೆತ್ತರೆ ಮತ್ತೆ ಯಾವತ್ತೂ ಕೆಲಸಕ್ಕೆ ಹೋಗೋದಿಲ್ಲವೇನೋ ಅನ್ನೋ ಭಯ. ಇದು ಸ್ವಾರ್ಥನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸ್ವಾರ್ಥ ಅಂತ ಯಾರು ಹೇಳಿದ್ದು? ಮಗು ಬೇಕು ಅಂತ ನೀವೇ ಬರೆದಿದ್ದೀರಿ. ನಿಮ್ಮ ಭಯ ಮಗುವಿನದಲ್ಲ, ವಾಪಸ್ ಹೋಗೋ ದಾರಿಯದು. ಮನೆಯವರು ಇವೆರಡನ್ನೂ ಕಲಸಿಬಿಟ್ಟಿದ್ದಾರೆ, ನೀವು ಬಿಡಿಸಿ ಇಡಬೇಕು.

ಈ ಭಯ ನಿಮ್ಮೊಬ್ಬರದಲ್ಲ. ಆಸ್ಟ್ರಿಯಾ ದೇಶದಲ್ಲಿ ಕಂಪನಿಗಳು ಬಾಗಿಲು ಹಾಕಿ ಕೆಲಸ ಕಳೆದುಕೊಂಡ ಹೆಂಗಸರನ್ನು ಅರ್ಥಶಾಸ್ತ್ರಜ್ಞರು ಹಲವು ವರ್ಷಗಳ ದಾಖಲೆ ಇಟ್ಟುಕೊಂಡು ಅಧ್ಯಯನ ಮಾಡಿದರು. 2012ರಲ್ಲಿ ಅದು ಪ್ರಕಟವಾಯಿತು. ಕೆಲಸ ಹೋದವರಲ್ಲಿ ಮಕ್ಕಳಾಗುವುದು ಸರಾಸರಿ ಶೇ 5ರಿಂದ 10ರಷ್ಟು ಕಡಿಮೆಯಾಗಿತ್ತು. ಹಾಗೆ ಕಡಿಮೆಯಾದದ್ದು ಮುಖ್ಯವಾಗಿ ಆಫೀಸು ಕೆಲಸದ ಹೆಂಗಸರಲ್ಲಿ. ಇನ್ನೂ ಮುಖ್ಯವಾದ ಸಂಗತಿ ಏನೆಂದರೆ, ಸಂಬಳ ನಿಂತಿದ್ದು ಇದಕ್ಕೆ ಕಾರಣ ಆಗಿರಲಿಲ್ಲ. ವೃತ್ತಿ ನಡುವೆ ಕಡಿದುಹೋಗಿದ್ದು ಕಾರಣವಾಗಿತ್ತು. ಹೊಸ ಜಾಗದಲ್ಲಿ ಮತ್ತೆ ಮೊದಲಿನಿಂದ ಹೆಸರು ಗಳಿಸಬೇಕು, ಆ ಹೊತ್ತಿಗೇ ಹೊಟ್ಟೆಯಲ್ಲಿ ಮಗು ಅಂದರೆ ಹೇಗೆ ಅಂತ ಅವರು ಹಿಂದೆ ಸರಿದಿದ್ದರು. ನೀವು ಬರೆದಿರೋದೂ ಅದನ್ನೇ ಅಲ್ವಾ?

‘ಹೇಗಿದ್ರೂ ಮನೇಲೇ ಇದ್ದೀಯ’ ಅನ್ನೋ ಮಾತಿನ ತೊಂದರೆ ಇಲ್ಲೇ ಇದೆ. ಹೇಳುವವರ ಲೆಕ್ಕದಲ್ಲಿ ನಿಮ್ಮ ನಾಲ್ಕು ತಿಂಗಳು ಸುಮ್ನೆ ಖಾಲಿ ಇರೋ ಸಮಯ. ನಿಮ್ಮ ಲೆಕ್ಕದಲ್ಲಿ ಅದು ಕೆಲಸ ಹುಡುಕೋ ಸಮಯ. ಈಗಲೇ ಬಸುರಿಯಾದರೆ ಒಂಬತ್ತು ತಿಂಗಳು, ಆಮೇಲೆ ಮಗುವಿಗೆ ಒಂದು ವರ್ಷವಾದರೂ ಆಗಲಿ ಅಂತೀರಿ, ಅಲ್ಲಿಗೆ ರೆಸ್ಯೂಮೆಯಲ್ಲಿ ಎರಡು ವರ್ಷದ ಗ್ಯಾಪ್. ಟೆಸ್ಟಿಂಗ್‌ನಲ್ಲಿ ಎರಡು ವರ್ಷ ಅಂದರೆ ಏನು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಮ್ಯಾನುಯಲ್ ಟೆಸ್ಟಿಂಗ್ ಕೆಲಸಗಳು ಯಾವ ಕಡೆ ಹೋಗ್ತಿವೆ ಅಂತಲೂ ಗೊತ್ತು. ಆದ್ದರಿಂದ ಕಾಯಿರಿ ಅಂತ ನಾನು ಕಣ್ಣುಮುಚ್ಚಿ ಹೇಳ್ತಿಲ್ಲ. ಈಗ ಹೆತ್ತು ಆಮೇಲೆ ಬೇರೆ ದಾರಿ ಹಿಡಿದವರೂ ಇದ್ದಾರೆ, ಚೆನ್ನಾಗೇ ಇದ್ದಾರೆ. ಆದರೆ ಅವರು ಅದನ್ನು ಲೆಕ್ಕ ಹಾಕಿ ಮಾಡಿದ್ದರು, ಅತ್ತೆಯ ಮಾತಿಗೆ ಮಾಡಿರಲಿಲ್ಲ.

ವಯಸ್ಸಿನ ಮಾತು. 33 ಅಂದರೆ ಗಾಬರಿ ಬೀಳೋ ವಯಸ್ಸಲ್ಲ, ಐದು ವರ್ಷ ಮುಂದಕ್ಕೆ ಹಾಕೋ ವಯಸ್ಸೂ ಅಲ್ಲ. ಗರ್ಭ ನಿಲ್ಲುವ ಸಾಧ್ಯತೆ 30ರ ನಂತರ ನಿಧಾನಕ್ಕೆ ಇಳಿಯುತ್ತೆ, 37ರ ಆಸುಪಾಸಿನಿಂದ ಇಳಿಯೋದು ಜೋರಾಗುತ್ತೆ. ಆರು ತಿಂಗಳೋ ಒಂದು ವರ್ಷವೋ ಕೆಲಸ ಹುಡುಕಿದರೆ ನಿಮ್ಮ ವಯಸ್ಸಿನಲ್ಲಿ ದೊಡ್ಡ ವ್ಯತ್ಯಾಸ ಆಗೋದಿಲ್ಲ. ಯಾರಾದರೂ ಎಎಂಎಚ್ ಟೆಸ್ಟ್ ಮಾಡಿಸಿ ಹೆದರಿಸಿದರೆ ನೆನಪಿಡಿ, ಆ ಟೆಸ್ಟು ಉಳಿದಿರೋ ಅಂಡಗಳ ಅಂದಾಜು ಕೊಡುತ್ತೆ, ನಿಮಗೆ ಸಹಜವಾಗಿ ಗರ್ಭ ನಿಲ್ಲುತ್ತಾ ಇಲ್ವಾ ಅಂತ ಹೇಳಲ್ಲ. ಪಿಸಿಓಡಿ, ಥೈರಾಯ್ಡ್ ಏನಾದರೂ ಇದ್ದರೆ ಮಾತ್ರ ಮೊದಲು ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಇನ್ನು ದುಡ್ಡು. ನಿಮ್ಮ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗಿರುತ್ತೆ. ಈಗ ಹೊಸದಾಗಿ ಪಾಲಿಸಿ ತಗೊಂಡರೆ ಹೆರಿಗೆಗೆ ಕಾಯುವ ಅವಧಿ ಇರುತ್ತೆ, ಕೆಲವು ಪಾಲಿಸಿಗಳಲ್ಲಿ ಒಂಬತ್ತು ತಿಂಗಳು, ಕೆಲವದರಲ್ಲಿ ಎರಡು, ಮೂರು ವರ್ಷ. ಗಂಡನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ನಿಮ್ಮ ಹೆಸರಿದೆಯಾ, ಅದರಲ್ಲಿ ಹೆರಿಗೆ ಇದೆಯಾ, ಎಷ್ಟರವರೆಗೆ ಇದೆ, ಇವತ್ತೇ ನೋಡಿ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಬಿಲ್ಲು ಲಕ್ಷ ದಾಟೋದು ಈಗ ಯಾರಿಗೂ ಆಶ್ಚರ್ಯ ಅಲ್ಲ.

ನಿಮ್ಮಿಬ್ಬರಲ್ಲಿ ಆಗಬೇಕಾದ ಮಾತು ಬೇರೆ ಇದೆ. ‘ಮಗು ಯಾವಾಗ’ ಅನ್ನೋದನ್ನು ಒಂದು ವಾರ ಪಕ್ಕಕ್ಕಿಡಿ. ‘ಮಗುವಿಗೆ ಹತ್ತು ತಿಂಗಳಾದಾಗ ಜ್ವರ ಬಂದರೆ ರಜೆ ಹಾಕೋರು ಯಾರು’ ಅಂತ ಕೇಳಿ. ಉತ್ತರ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡಿ. ಅತ್ತೆಗೂ ಪ್ರೀತಿಯಿಂದಲೇ ಕೇಳಿ, ‘ನಾನು ಕೆಲಸಕ್ಕೆ ಹೋಗೋ ದಿನದಿಂದ ನೀವು ಇಲ್ಲಿ ಬಂದು ಇರ್ತೀರಾ?’ ಇರ್ತೀನಿ ಅಂದರೆ, ಎಷ್ಟು ದಿನ ಅಂತಲೂ ಕೇಳಿ.

ಪ್ರಶ್ನೆ: ಅಕ್ಕಾ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೂರು ವರ್ಷ ಎಂಟು ತಿಂಗಳಾಯ್ತು. ಈಗ ನನಗೆ ಐದು ತಿಂಗಳು, ಮೊದಲನೇದು. ಆರ್ಡರ್ ಕಡಿಮೆ ಅಂತ ಜನ ತೆಗೀತಾ ಇದ್ದಾರೆ. ಸೂಪರ್‌ವೈಸರ್ ‘ನೀನೇ ರಾಜೀನಾಮೆ ಬರೆದುಕೊಡು, ಪಿಎಫ್ ದುಡ್ಡು ಬರುತ್ತೆ, ಬಾಣಂತನ ಮುಗಿಸ್ಕೊಂಡು ಬಾ, ಮತ್ತೆ ಸೇರಿಸ್ಕೋತೀವಿ’ ಅಂತಾರೆ. ನಮ್ಮ ಲೈನಿನಲ್ಲಿ ಮುಂಚೆ ಇಬ್ಬರು ಹಾಗೇ ಬರೆದುಕೊಟ್ಟರು. ನಮ್ಮಮ್ಮನೂ ಬರೆದುಕೊಡು ಅಂತಾಳೆ. ಏನು ಮಾಡಲಿ?
– ಮದ್ದೂರು ಕಡೆಯವಳು

ಉತ್ತರ: ಬರೆದುಕೊಡಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿ, ಮೊದಲು ಇದೊಂದು ಮನಸ್ಸಲ್ಲಿರಲಿ. ಯಾವ ಹಾಳೆಗೂ ಸೈನ್ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ‘ಮನೇಲಿ ಕೇಳಿ ಹೇಳ್ತೀನಿ ಸಾರ್’ ಅಂತ ಹೇಳಿ ಬನ್ನಿ.

ಈಗ ಯಾಕೆ ಅಂತ ಹೇಳ್ತೀನಿ. ನಿಮ್ಮ ಪೇ ಸ್ಲಿಪ್ಪಿನಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅಂತ ಪ್ರತಿ ತಿಂಗಳು ಹಿಡಿದಿರ್ತಾರೆ, ಸಂಬಳದ ಶೇ 0.75. ಮಾಲೀಕರು ಅದಕ್ಕೆ ಶೇ 3.25 ಸೇರಿಸಿ ಕಟ್ತಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಇದು ಅನ್ವಯ. ಈ ಇಎಸ್‌ಐನಿಂದ ಹೆರಿಗೆಗೆ 26 ವಾರ, ಅಂದರೆ ಆರು ತಿಂಗಳು, ನಿಮ್ಮ ಸರಾಸರಿ ದಿನಗೂಲಿ ಪೂರ್ತಿ ಸಿಗುತ್ತೆ. ಈ ದುಡ್ಡು ಕೊಡೋದು ಇಎಸ್‌ಐ, ಮಾಲೀಕರ ಜೇಬಿಂದ ಹೋಗೋದಲ್ಲ. ಇದು ನಿಮ್ಮ ಸೂಪರ್‌ವೈಸರ್‌ಗೂ ಗೊತ್ತಿರುತ್ತೆ. ಅವರಿಗೆ ಬೇಕಿರೋದು ಲೈನಿನಲ್ಲಿ ಟಾರ್ಗೆಟ್ ಮುಟ್ಟೋ ಕೈ. ಬಸುರಿ ಹುಡುಗಿ ನಾಲ್ಕು ಸಲ ಬಾತ್‌ರೂಮಿಗೆ ಎದ್ದು ಹೋದರೆ ಅವರ ಲೆಕ್ಕ ತಪ್ಪುತ್ತೆ, ಅಷ್ಟೇ.

ಇದು ಸಿಗೋಕೆ ನಿಯಮ ಏನು ಅಂದರೆ, ಹಿಂದಿನ ಎರಡು ಕಂತಿನ ಅವಧಿಯಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೂರೂವರೆ ವರ್ಷ ದುಡಿದಿರೋ ನಿಮಗೆ ಅದು ಆಗಲೇ ಆಗಿಹೋಗಿದೆ. ಇನ್ನೊಂದು ವಿಷಯ, ಅಕಸ್ಮಾತ್ ನಾಳೆ ಅವರೇ ಕೆಲಸದಿಂದ ತೆಗೆದರೂ ಕಟ್ಟಿರೋ ವಂತಿಗೆ ಎಲ್ಲೂ ಹೋಗಲ್ಲ. ಆ ದಿನಗಳು ಲೆಕ್ಕಕ್ಕೆ ಸಿಕ್ಕರೆ ಹೆರಿಗೆ ಸೌಲಭ್ಯ ಕೇಳಬಹುದು. ಹಾಗಾಗಿ ಕೆಲಸ ಹೋಯ್ತು ಅಂತ ಇಎಸ್‌ಐ ಕಾರ್ಡ್ ಬಿಸಾಕಬೇಡಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕಳೆದ ಒಂದು ವರ್ಷದ ಪೇ ಸ್ಲಿಪ್ ಎಲ್ಲ ಒಂದು ಕವರಿನಲ್ಲಿಟ್ಟುಕೊಂಡು ಹತ್ತಿರದ ಇಎಸ್‌ಐ ಬ್ರಾಂಚ್ ಆಫೀಸಿಗೆ ಒಂದು ಸಲ ಹೋಗಿ ಬನ್ನಿ. ಹೆರಿಗೆ ದಿನಾಂಕಕ್ಕೆ ಎಂಟು ವಾರ ಮುಂಚಿನಿಂದ ಈ ಸೌಲಭ್ಯ ತಗೋಬಹುದು. ಅದನ್ನು ತಗೊಳ್ತಿರೋ ಅವಧಿಯಲ್ಲಿ ಕೆಲಸದಿಂದ ತೆಗೆಯೋ ಹಾಗೂ ಇಲ್ಲ.

ಪಿಎಫ್ ದುಡ್ಡಿನ ಆಸೆ ಅರ್ಥವಾಗುತ್ತೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಮುದುಕರಾದ ಮೇಲೆ ತಿನ್ನೋ ದುಡ್ಡಲ್ಲ. ಅದು ಹೆರಿಗೆಗೆ, ತಂಗಿ ಮದುವೆಗೆ, ಸಾಲ ತೀರಿಸೋಕೆ. ಪಿಎಫ್ ತೆಗೆಯೋಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಹೆಂಗಸರು ಕೂತುಬಿಟ್ಟರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಆದರೆ ಪಿಎಫ್‌ಗಾಗಿ ಬಿಟ್ಟು ಸೇರಿ, ಬಿಟ್ಟು ಸೇರಿ ಮಾಡಿದರೆ ಏನಾಗುತ್ತೆ ಗೊತ್ತಾ? ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟಿಗೆ, ಐದು ವರ್ಷದ ಸತತ ಸರ್ವಿಸ್ ಬೇಕು. ನಿಮ್ಮ ಮೂರೂವರೆ ವರ್ಷ ಸೊನ್ನೆಯಾಗುತ್ತೆ. ವಾಪಸ್ ಬಂದಾಗ ಹೊಸಬರ ಸಂಬಳ, ಹೊಸಬರ ಗ್ರೇಡು. ಪಿಎಫ್ ದುಡ್ಡು ನಿಮ್ಮದೇ, ಅದು ಅಲ್ಲೇ ಇರುತ್ತೆ, ಆರು ತಿಂಗಳ ಕೂಲಿ ಬಿಟ್ಟು ಅದರ ಹಿಂದೆ ಓಡಬೇಡಿ.

ಒತ್ತಾಯ ಜಾಸ್ತಿಯಾದರೆ ಯಾವತ್ತು, ಯಾರು, ಏನು ಹೇಳಿದರು ಅಂತ ಬರೆದಿಡಿ. ಬಸುರಿ ಅನ್ನೋ ಕಾರಣಕ್ಕೆ ತೆಗೆದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ, ತಡ ಮಾಡಬೇಡಿ, ತೆಗೆದ ಆದೇಶ ಕೈಗೆ ಸಿಕ್ಕ 60 ದಿನದೊಳಗೆ ಮೇಲ್ಮನವಿ ಹೋಗಬೇಕು. ಬೆಂಗಳೂರಿನಲ್ಲಿ ಗಾರ್ಮೆಂಟ್ ಲೇಬರ್ ಯೂನಿಯನ್ ಅಂತ ಹೆಂಗಸರೇ ಮುಂದೆ ನಿಂತಿರೋ ಸಂಘಟನೆ ಇದೆ. ನಿಮ್ಮ ಕಡೆಯ ಫ್ಯಾಕ್ಟರಿಗಳಲ್ಲಿ ಇಂಥ ಯೂನಿಯನ್‌ನವರು ಯಾರಾದರೂ ಇದ್ದಾರಾ ಅಂತ ಬಸ್ಸಿನಲ್ಲಿ ಜೊತೆಗೆ ಬರೋರನ್ನ ಕೇಳಿ, ಯಾರಿಗಾದರೂ ಗೊತ್ತಿರುತ್ತೆ.

ಆ ಇಬ್ಬರು ಬರೆದುಕೊಟ್ಟರು ಅಂದಿರಲ್ಲ, ಅವರಿಗೂ ಈ ಪುಟ ತೋರಿಸಿ. ಇಎಸ್‌ಐ ದಿನಗಳ ಲೆಕ್ಕ ಅವರದ್ದೂ ಇನ್ನೂ ಚಾಲ್ತಿಯಲ್ಲಿರಬಹುದು. ಅದು ಸಿಗದೇ ಹೋದರೆ ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆಗೆ ಅರ್ಜಿ ಹಾಕಲಿ, ಮೊದಲ ಮಗುವಿಗೆ 5,000 ರೂಪಾಯಿ, ಎರಡನೇದು ಹೆಣ್ಣಾದರೆ 6,000. ಆರು ತಿಂಗಳ ಕೂಲಿಯ ಮುಂದೆ ಇದು ಏನೂ ಅಲ್ಲ, ಆದರೂ ಬಿಡಬಾರದು.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಗಿತ್ತು. ಆಗ ನನ್ನ ಹೆಂಡತಿ ಕೆಲಸದಲ್ಲಿದ್ದಳು. ನಮಗೆ ಮೊದಲ ಮಗು ಆಗಿದ್ದು ಆ ಸಮಯದಲ್ಲೇ, ಅವಳು ಒಂದು ಚೂರೂ ಹಿಂಜರಿಯಲಿಲ್ಲ. ಈಗ ನನಗೆ ಒಳ್ಳೆಯ ಕೆಲಸ ಇದೆ, ಮೊದಲಿಗಿಂತ ಸಂಬಳ ಜಾಸ್ತಿ. ಅವಳ ಕೆಲಸ ಹೋಗಿದೆ. ಎರಡನೇದು ಮಾಡ್ಕೊಳ್ಳೋಣ ಅಂದರೆ ಬೇಡವೇ ಬೇಡ ಅಂತಾಳೆ. ಹಣದ ತೊಂದರೆ ಆಗ ಇತ್ತು, ಈಗಿಲ್ಲ. ಇದರಲ್ಲಿ ಏನು ಲಾಜಿಕ್ ಇದೆ?
– ಒಬ್ಬ ಗಂಡ, ಮೈಸೂರು

ಉತ್ತರ: ಇದೆ ಸ್ವಾಮಿ, ಪಕ್ಕಾ ಲಾಜಿಕ್ ಇದೆ. ಅದೂ ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿ ನೋಡಿರೋ ಲಾಜಿಕ್ಕು.

ಅಲ್ಲಿ ಇಬ್ಬರು ಸಂಶೋಧಕರು ಗಂಡ ಹೆಂಡತಿಯ ಕೆಲಸದ ದಾಖಲೆ ಮತ್ತು ಮಕ್ಕಳ ಜನನ ದಾಖಲೆಯನ್ನು ಒಂದಕ್ಕೊಂದು ಜೋಡಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡಿದ್ದು ಇಷ್ಟು: ಕೆಲಸ ಕಳೆದುಕೊಂಡ ಪ್ರತಿ 100 ಹೆಂಗಸರಿಗೆ ಸುಮಾರು ಮೂರು ಮಕ್ಕಳು ಕಡಿಮೆ ಹುಟ್ಟಿದ್ದವು, ಅದರಲ್ಲೂ ಹೆಚ್ಚು ಓದಿದವರಲ್ಲಿ. ಗಂಡಸಿನ ಕೆಲಸ ಹೋದಾಗ? ಕೊನೆಗೆ ಆ ದಂಪತಿಗೆ ಎಷ್ಟು ಮಕ್ಕಳಾದವು ಅನ್ನೋದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ತಮಾಷೆ ಏನೆಂದರೆ ಗಂಡಸಿನ ಕೆಲಸ ಹೋದ ಮನೆಗಳಿಗೇ ಆದಾಯದ ಹೊಡೆತ ಜಾಸ್ತಿ ಬಿದ್ದಿತ್ತು, ಜಾಸ್ತಿ ಕಾಲವೂ ಇತ್ತು. ಅಂದರೆ ನಿಮ್ಮ ಮನೆಯಲ್ಲಿ ನಡೆದಿದ್ದೇ ಅಲ್ಲೂ ನಡೆದಿದೆ. ಹೆರಿಗೆ ರಜೆ, ಮಕ್ಕಳ ಡೇಕೇರ್ ಎಲ್ಲ ನಮಗಿಂತ ಎಷ್ಟೋ ಚೆನ್ನಾಗಿರೋ ದೇಶದಲ್ಲೇ ಹೀಗಾದರೆ ಮೈಸೂರಿನಲ್ಲಿ ಹೇಗಿರಬೇಡ.

ಆಗ ನಿಮ್ಮ ಹೆಂಡತಿಗೆ ಧೈರ್ಯ ಎಲ್ಲಿಂದ ಬಂತು ಯೋಚಿಸಿ. ಅವರಿಗೆ ಕೆಲಸ ಇತ್ತು, 26 ವಾರದ ರಜೆ ಇತ್ತು, ರಜೆ ಮುಗಿದ ಮೇಲೆ ಹೋಗಿ ಕೂರೋಕೆ ಒಂದು ಕುರ್ಚಿ ಇತ್ತು. ಈಗ ಕುರ್ಚಿ ಇಲ್ಲ. ‘ನನ್ನ ಸಂಬಳ ಸಾಕಲ್ಲ’ ಅಂತ ನೀವು ಹೇಳಿದಾಗ ಅವರ ಕಿವಿಗೆ ‘ಇನ್ನು ನೀನು ಹೋಗೋದು ಬೇಡ’ ಅಂತ ಬೀಳ್ತಿರಬಹುದು. ನೀವು ಹಾಗೆ ಹೇಳಿಲ್ಲ ಅಂತ ಗೊತ್ತು. ಆದರೆ ಈ ಮಾತಾಡದೇ ಇದ್ದದ್ದರಿಂದಲೇ ಮನೆಯಲ್ಲಿ ಉಳಿದುಬಿಟ್ಟ ಹೆಂಗಸರು ಪ್ರತಿ ಬೀದಿಯಲ್ಲೂ ಇದ್ದಾರೆ, ನಿಮ್ಮ ಅಕ್ಕಪಕ್ಕದ ಮನೆಯಲ್ಲೇ ಇರಬಹುದು, ಎಂ.ಎಸ್ಸಿ. ಗೋಲ್ಡ್ ಮೆಡಲ್ ತಗೊಂಡು ಈಗ ಮಕ್ಕಳ ಹೋಂವರ್ಕ್ ಮಾಡಿಸ್ತಾ ಇರೋರು.

ಇನ್ನೊಂದು ಕೇಳ್ತೀನಿ. ನಿಮಗೆ ಕೆಲಸ ಇಲ್ಲದ ಆ ದಿನಗಳಲ್ಲಿ ಮಗುವನ್ನು ನೋಡಿಕೊಂಡಿದ್ದು ನೀವಾ? ಹೌದಾದರೆ ತುಂಬ ಒಳ್ಳೆಯದು, ಎರಡನೇದಕ್ಕೂ ಹಾಗೇ ಮಾಡ್ತೀನಿ ಅಂತ ಹೇಳಿ, ಆ ಮಾತಿಗೆ ಬೆಲೆ ಇರುತ್ತೆ. ಇಲ್ಲವಾದರೆ ಲಾಜಿಕ್ ಏನು ಅಂತ ಕೇಳೋ ಮುಂಚೆ ಸ್ವಲ್ಪ ತಡೀರಿ.

ಮಾಡಬೇಕಾದ್ದು ಇಷ್ಟು. ಎರಡನೇ ಮಗುವಿನ ಮಾತು ನಿಲ್ಲಿಸಿ, ಅವರ ಕೆಲಸದ ಮಾತು ಶುರು ಮಾಡಿ. ಕೋರ್ಸ್ ಮಾಡ್ತೀನಿ ಅಂದರೆ ಸಂಜೆ ಎರಡು ಗಂಟೆ ಮಗು ನಿಮ್ಮ ಹತ್ತಿರ ಇರಲಿ. ಅವರು ಮತ್ತೆ ಎಲ್ಲಾದರೂ ಕಾಲೂರಿದ ಮೇಲೆ ಎರಡನೇದು ಬೇಕು ಅಂತ ಅವರೇ ಹೇಳಬಹುದು, ಹೇಳದೆಯೂ ಇರಬಹುದು. ಅದೂ ಸರಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದೇ ಮಗು ಇರೋ ಮನೆ ಈಗ ಯಾರಿಗೂ ವಿಚಿತ್ರ ಅಲ್ಲ.

ಪ್ರಶ್ನೆ: ನಮ್ಮ ಸೊಸೆ ಕೆಲಸ ಹೋಯಿತೆಂದು ಮಗುವನ್ನೇ ಬೇಡ ಎನ್ನುತ್ತಿದ್ದಾಳೆ. ನಾವು ಬಡತನದಲ್ಲೇ ನಾಲ್ಕು ಹೆತ್ತು ಸಾಕಲಿಲ್ಲವೆ? ಇವರಿಗೆ ಎಲ್ಲಾ ಇದ್ದೂ ಭಯ. ನೀವಾದರೂ ಬುದ್ಧಿ ಹೇಳಿ.
– ದಾವಣಗೆರೆಯ ಅಜ್ಜಿಯಾಗಬೇಕಾದವಳು

ಉತ್ತರ: ಅಮ್ಮಾ, ನಿಮ್ಮ ಸಹಿ ನೋಡಿ ನಕ್ಕುಬಿಟ್ಟೆ. ಆಸೆ ತಪ್ಪಲ್ಲ.

ಬಡತನದಲ್ಲಿ ಹೆತ್ತಿರಿ, ನಿಜ. ಆದರೆ ನಿಮಗೆ ನಾಳೆ ಹೇಗಿರುತ್ತೆ ಅಂತ ಗೊತ್ತಿತ್ತು. ಇವತ್ತಿನ ಹಾಗೇ ಇರುತ್ತೆ, ಅದೇ ಮನೆ, ಅದೇ ಹೊಲ, ಅದೇ ಅತ್ತೆ. ನಾಳೆ ಏನು ಅಂತ ಗೊತ್ತಾಗದೇ ಹೋದಾಗ ಹೆಂಗಸರು ಏನು ಮಾಡ್ತಾರೆ ಅನ್ನೋದಕ್ಕೆ ಪೂರ್ವ ಜರ್ಮನಿ ಒಂದು ಉದಾಹರಣೆ. ಅಲ್ಲಿ ಹೆಂಗಸರೆಲ್ಲ ಹೆಚ್ಚುಕಡಿಮೆ ಕೆಲಸಕ್ಕೆ ಹೋಗ್ತಿದ್ದರು, ಮಕ್ಕಳನ್ನು ಸರ್ಕಾರಿ ಶಿಶುವಿಹಾರದಲ್ಲಿ ಬಿಡ್ತಿದ್ದರು. 1990ರಲ್ಲಿ ಎರಡೂ ಜರ್ಮನಿ ಒಂದಾದವು, ಫ್ಯಾಕ್ಟರಿಗಳು ಸಾಲುಸಾಲಾಗಿ ಮುಚ್ಚಿದವು. 1989ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.57 ಮಕ್ಕಳಿದ್ದಿದ್ದು 1994ಕ್ಕೆ 0.77ಕ್ಕೆ ಬಿತ್ತು. ಯುದ್ಧ ಇಲ್ಲ, ಬರ ಇಲ್ಲ. ಐದೇ ವರ್ಷದಲ್ಲಿ ಅರ್ಧ. ಅವರೆಲ್ಲ ಬುದ್ಧಿ ಇಲ್ಲದವರಾ ಹೇಳಿ?

ಸೊಸೆಗೆ ಬುದ್ಧಿ ಹೇಳೋ ಬದಲು ಒಂದು ಮಾತು ಕೊಡಿ. ಬಾಣಂತನ ಅಂತ ಮೂರು ತಿಂಗಳು ಬಂದು ಖಾರ, ಕಷಾಯ ಮಾಡಿ ಹೋಗೋದು ಒಂದು. ಅವಳು ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಮಗು ನೋಡ್ಕೋತೀನಿ ಅನ್ನೋದು ಇನ್ನೊಂದು. ಎರಡನೇದು ನಿಮ್ಮ ಕೈಲಾಗದು ಅಂದರೆ ಅದನ್ನೂ ನೇರವಾಗಿ ಹೇಳಿ. ಮಂಡಿ ನೋವು ಇರುತ್ತೆ, ನಿಮಗೂ ಒಂದು ಬದುಕು ಅಂತ ಇರುತ್ತೆ, ಅದರಲ್ಲೇನೂ ತಪ್ಪಿಲ್ಲ. ಆದರೆ ಆಗ ಯಾವಾಗ ಅಂತ ಕೇಳೋದನ್ನೂ ನಿಲ್ಲಿಸಿಬಿಡಿ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದ್ದೇನೆ, ಎಚ್‌-1ಬಿ ವೀಸಾ. ಗಂಡನೂ ಎಚ್‌-1ಬಿ, ಬೇರೆ ಕಂಪನಿ. ಐದನೇ ತಿಂಗಳಲ್ಲಿ ನನ್ನನ್ನು ಲೇಆಫ್ ಮಾಡಿದರು. ಇನ್ಶೂರೆನ್ಸ್ ನನ್ನದರಲ್ಲೇ ಇತ್ತು. ಊರಿಗೆ ಬಂದುಬಿಡು ಅಂತ ಅಮ್ಮ ಅಳ್ತಾರೆ. ಬಸುರಿ ಅಂತ ಗೊತ್ತಾದರೆ ಇಲ್ಲಿ ಯಾರು ಕೆಲಸ ಕೊಡ್ತಾರೆ? ಇನ್ನೊಂದು ವರ್ಷ ಕಾಯಬೇಕಿತ್ತು ಅಂತ ದಿನಾ ಅನ್ನಿಸ್ತಿದೆ.
– ಡಲ್ಲಾಸ್ ಕನ್ನಡತಿ

ಉತ್ತರ: ಮೊದಲು ತಾರೀಖು ನೋಡಿ. ಕೆಲಸದ ಕೊನೆಯ ದಿನದ ನಂತರ ಈ ವೀಸಾದಲ್ಲಿ ಅಲ್ಲಿರೋಕೆ ನಿಮಗಿರೋದು ಹೆಚ್ಚೆಂದರೆ 60 ದಿನ. ಆ 60 ದಿನದೊಳಗೆ ಹೊಸ ಕಂಪನಿ ನಿಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲವೇ ನೀವು ಎಚ್‌-4ಗೆ, ಅಂದರೆ ಗಂಡನ ವೀಸಾವನ್ನು ಅವಲಂಬಿಸಿದ ವೀಸಾಕ್ಕೆ, ಬದಲಾಯಿಸೋಕೆ ಅರ್ಜಿ ಹಾಕಬೇಕು. ಗಂಡ ಎಚ್‌-1ಬಿಯಲ್ಲಿ ಇರೋದು ನಿಮ್ಮ ಪುಣ್ಯ, ಒಬ್ಬಂಟಿಯಾಗಿರೋ ಎಷ್ಟೋ ಹುಡುಗಿಯರಿಗೆ ಈ ದಾರಿಯೇ ಇಲ್ಲ. ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಈ ವಾರವೇ ಮಾತಾಡಿ.

ಇನ್ಶೂರೆನ್ಸ್‌ಗೂ ಗಡುವಿದೆ. ನಿಮ್ಮ ಕವರ್ ಹೋಯ್ತು ಅನ್ನೋದೇ ಗಂಡನ ಕಂಪನಿಯ ಪ್ಲಾನಿಗೆ ಮಧ್ಯದಲ್ಲಿ ಸೇರೋಕೆ ಸಾಕಾದ ಕಾರಣ. ಆದರೆ ಅದಕ್ಕೆ ಕೆಲವೇ ವಾರ ಸಮಯ ಇರುತ್ತೆ, ಅವರ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿಸಿ. ಅದಾಗದಿದ್ದರೆ ಹಳೇ ಪ್ಲಾನನ್ನೇ ಕೋಬ್ರಾ ಅನ್ನೋ ಅಲ್ಲಿನ ಕಾನೂನಿನಡಿ ಮುಂದುವರಿಸಬಹುದು, 18 ತಿಂಗಳವರೆಗೆ, ಆದರೆ ಕಂತು ಪೂರ್ತಿ ನೀವೇ ಕಟ್ಟಬೇಕು, ಜೋರಾಗೇ ಇರುತ್ತೆ. ಈಗಾಗಲೇ ಬಸುರಿ ಅನ್ನೋ ಕಾರಣಕ್ಕೆ ಅಲ್ಲಿನ ಹೆಲ್ತ್ ಪ್ಲಾನ್‌ಗಳು ನಿಮ್ಮನ್ನು ಬೇಡ ಅನ್ನೋ ಹಾಗಿಲ್ಲ. ಇದು ನಮ್ಮ ದೇಶಕ್ಕಿಂತ ವಾಸಿ.

ಊರಿಗೆ ಬರೋದು ತಪ್ಪಲ್ಲ, ಆದರೆ ಅಮ್ಮ ಅಳ್ತಾರೆ ಅಂತ ಬರಬೇಡಿ. ಎಚ್‌-4 ಆಗಿ, ಇನ್ಶೂರೆನ್ಸ್ ಸರಿಯಾದರೆ ಅಮ್ಮನೇ ಅಲ್ಲಿಗೆ ಬರಲಿ. ಎಷ್ಟು ಅಮ್ಮಂದಿರು ಉಪ್ಪಿನಕಾಯಿ ಡಬ್ಬಿ, ಬಾಣಂತಿ ಲೇಹ್ಯ ಕಟ್ಟಿಕೊಂಡು ಬರ್ತಿಲ್ಲ! ನೀವೇ ಬರೋದಾದರೆ ಬೇಗ ನಿರ್ಧರಿಸಿ, ಸಾಮಾನ್ಯವಾಗಿ 28 ವಾರದ ನಂತರ ವಿಮಾನದವರು ಡಾಕ್ಟರ್ ಪತ್ರ ಕೇಳ್ತಾರೆ.

ಕಾಯಬೇಕಿತ್ತು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಯಾಕೆಂದರೆ ಅದು ಪ್ರಶ್ನೆಯೇ ಅಲ್ಲ. ಒಂದು ವರ್ಷ ಕಾದಿದ್ದರೆ ಲೇಆಫ್ ಕೂಡ ಆಗಲೇ ಬರ್ತಿತ್ತೋ ಏನೋ, ಯಾರಿಗೆ ಗೊತ್ತಿತ್ತು?

ಪ್ರಶ್ನೆ: ನಮ್ಮಿಬ್ಬರಿಗೂ ಈಗ ಕೆಲಸ ಇಲ್ಲ. ಒಂದು ಮಗು ಇದೆ. ಎಚ್ಚರವಾಗಿದ್ದರೂ ಮತ್ತೆ ನಿಂತಿದೆ, ಏಳು ವಾರ. ಗಂಡ ತೆಗೆಸು ಅಂತಾರೆ. ನಮ್ಮಮ್ಮ ಪಾಪ ಅಂತಾಳೆ. ನನಗೆ ನನ್ನ ಮನಸ್ಸೇ ಗೊತ್ತಾಗ್ತಿಲ್ಲ. ಗಂಡ ಸೈನ್ ಮಾಡಬೇಕಾ?
– ಹುಬ್ಬಳ್ಳಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಕಾಗಿಲ್ಲ. 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು, ಕಾನೂನು ಕೇಳೋದು ಅದನ್ನೇ. ಕೆಲವು ಆಸ್ಪತ್ರೆಯವರು ಗಂಡನ ಸೈನ್ ಕೇಳೋದು ಅವರ ಅಭ್ಯಾಸ. ಹಾಗೇ ನೀವು ಒಪ್ಪದೆ ಯಾರೂ ತೆಗೆಸೋ ಹಾಗೂ ಇಲ್ಲ, ಗಂಡ ಹೇಳಿದರೂ ಅಷ್ಟೇ.

ಗರ್ಭನಿರೋಧಕ ಬಳಸಿದರೂ ನಿಂತಿದ್ದರೆ ಅದು ಕಾನೂನು ಒಪ್ಪುವ ಕಾರಣ. 2021ರ ತಿದ್ದುಪಡಿಯಾದ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆದರೆ 20 ವಾರ ಇದೆ ಅಂತ ಸುಮ್ನೆ ಕೂರಬೇಡಿ. ಒಂಬತ್ತು ವಾರದೊಳಗಾದರೆ ಮಾತ್ರೆಯಲ್ಲೇ ಆಗಬಹುದು, ದೇಹಕ್ಕೂ ಹಗುರ. ಮೆಡಿಕಲ್ ಶಾಪಿನಲ್ಲಿ ಕಿಟ್ ತಂದು ಮನೇಲಿ ನುಂಗೋದು ಮಾತ್ರ ಬೇಡ, ಎಷ್ಟು ಜನ ರಕ್ತಸ್ರಾವ ಆಗಿ ಆಸ್ಪತ್ರೆ ಸೇರ್ತಾರೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಿ, ಗಂಡ, ಅಮ್ಮ ಇಬ್ಬರೂ ಹೊರಗಿರಲಿ. ಇಟ್ಟುಕೊಳ್ಳೋಣ ಅನ್ನಿಸಿದರೆ ಅದೇ ದಿನ ತಾಯಿ ಕಾರ್ಡ್ ಮಾಡಿಸಿ. ಬೇಡ ಅನ್ನಿಸಿದರೆ ಅದಕ್ಕೆ ಪಾಪ ಅಂತ ಹೆಸರಿಡೋ ಹಕ್ಕು ಯಾರಿಗೂ ಇಲ್ಲ, ನನಗೂ ಇಲ್ಲ. ಯಾವುದು ಮಾಡಿ ಅಂತ ನಾನು ಹೇಳೋದಿಲ್ಲ.

ಪ್ರಶ್ನೆ: ಕೆಲಸ ಹೋದ ಮೇಲೆ ಸಂದರ್ಶನಕ್ಕೆ ಹೋದ ಕಡೆಯೆಲ್ಲ ಮದುವೆ ಆಗಿದೆಯಾ, ಎಷ್ಟು ಮಕ್ಕಳು, ಮುಂದೆ ಪ್ಲಾನ್ ಇದೆಯಾ ಅಂತ ಕೇಳ್ತಾರೆ. ಈಗ ಒಂದು ಕಡೆ ಒಂದು ವರ್ಷದ ಕಾಂಟ್ರಾಕ್ಟ್ ಕೆಲಸ ಸಿಗೋ ಹಾಗಿದೆ. ನಮಗೆ ಮಗು ಬೇಕು. ಸೇರಿದ ಮೇಲೆ ಎಷ್ಟು ದಿನ ಕಾಯಬೇಕು? ಕಾಂಟ್ರಾಕ್ಟ್‌ನವರಿಗೆ ಹೆರಿಗೆ ರಜೆ ಇದೆಯಾ?
– 29 ವರ್ಷ, ಶಿವಮೊಗ್ಗ

ಉತ್ತರ: ಸೇರಿ. ಆ ಪ್ರಶ್ನೆಗಳಿಗೆಲ್ಲ ‘ಸದ್ಯಕ್ಕೆ ಕೆಲಸದ ಕಡೆ ಗಮನ ಸಾರ್’ ಅಂತ ನಗ್ತಾ ಹೇಳಿ ಮುಂದಿನ ಮಾತಿಗೆ ಹೋಗಿ. ನಿಮ್ಮ ಪ್ಲಾನ್ ಏನು ಅಂತ ಹೇಳಲೇಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಗಂಡಸರನ್ನು ಯಾರಾದರೂ ಹೀಗೆ ಕೇಳಿದ್ದು ನಾನಂತೂ ಕೇಳಿಲ್ಲ.

ಹತ್ತು ಅಥವಾ ಹೆಚ್ಚು ಜನ ಇರೋ ಸಂಸ್ಥೆ ಆಗಿದ್ದರೆ, ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ನೀವು ಅಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಹೆರಿಗೆ ರಜೆ ಸಿಗುತ್ತೆ. ವಾರಕ್ಕೆ ಐದು ದಿನದ ಕೆಲಸ ಅಂದರೂ ಸುಮಾರು ನಾಲ್ಕು ತಿಂಗಳು. ಇದನ್ನು ಹೇಳೋ ಹೆರಿಗೆ ಸೌಲಭ್ಯ ಕಾಯ್ದೆ 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಸೇರಿದೆ. 80 ದಿನ, 26 ವಾರ ಎರಡೂ ಹಾಗೇ ಇವೆ. ಎಷ್ಟೋ ಜನ ‘ಸೇರಿ ಎರಡು ವರ್ಷ ಆಗಬೇಕು’ ಅಂತ ತಮಗೆ ತಾವೇ ನಿಯಮ ಮಾಡ್ಕೊಂಡು ಕಾಯ್ತಾ ಇರ್ತಾರೆ.

ಕಾಂಟ್ರಾಕ್ಟ್ ವಿಷಯ. ದೆಹಲಿಯ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಅರ್ಹತೆ ಬಂದಿದ್ದರೆ ಕಾಂಟ್ರಾಕ್ಟ್ ಅವಧಿ ಮಧ್ಯದಲ್ಲಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ. ಕೊಡ್ತಾರಾ ಅಂದರೆ, ಕೇಳಿದರೆ ಕೊಡ್ತಾರೆ, ಕೇಳದಿದ್ದರೆ ಇಲ್ಲ. ಆಫರ್ ಲೆಟರ್, ಹಾಜರಾತಿ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಕೆಲಸ ಕೊಡೋರು ನೇರವಾಗಿ ಆ ಸಂಸ್ಥೆಯವರಾ, ಇಲ್ಲ ಮಧ್ಯದ ಏಜೆನ್ಸಿಯವರಾ ಅಂತ ಸೇರೋ ಮುಂಚೆಯೇ ಖಚಿತ ಮಾಡ್ಕೊಳ್ಳಿ, ಆಮೇಲೆ ಅರ್ಜಿ ಯಾರಿಗೆ ಕೊಡಬೇಕು ಅನ್ನೋದೇ ದೊಡ್ಡ ಗೋಜಲಾಗುತ್ತೆ. ಸಂಬಳ 21,000ದೊಳಗಿದ್ದರೆ ಇಎಸ್‌ಐ ಹಿಡೀತಾರಾ ಅಂತಲೂ ಕೇಳಿ, ಮೇಲಿನ ಮದ್ದೂರಿನವರ ಉತ್ತರ ನಿಮಗೂ ಅನ್ವಯಿಸುತ್ತೆ.